ಕಾಫಿ ಗಿಡದೊಳಗೊಬ್ಬ ಪುಟ್ಟ ಬೇಸಾಯಗಾರ



ಮುಂಬೈಯಲ್ಲಿರಲಿ, ದೆಹಲಿಯಲ್ಲಿರಲಿ, ಬೆಳಿಗ್ಗೆ ಒಂದು ಲೋಟ ಫಿಲ್ಟರ್ ಕಾಫಿ ಕುಡಿಯದೆ ನಮ್ಮಲ್ಲಿ ಹಲವರಿಗೆ ದಿನವೇ ಶುರುವಾಗುವುದಿಲ್ಲ. ಭಾರತದ ಕಾಫಿಯಲ್ಲಿ ಶೇ. 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ಆ ಲೋಟಕ್ಕೆ ಗಟ್ಟಿತನ ಕೊಡುವ ರೊಬಸ್ಟಾ ಗಿಡಕ್ಕೆ ಸಾಸಿವೆ ಕಾಳಿನಷ್ಟು ದೊಡ್ಡ ಶತ್ರುವೊಂದಿದೆ! ಬೆಳೆಗಾರರ ಬಾಯಲ್ಲಿ ಅದು ಶಾಟ್ ಹೋಲ್ ಬೋರರ್; ವಿಜ್ಞಾನಿಗಳಿಗೆ ಕ್ಸೈಲೋಸ್ಯಾಂಡ್ರಸ್ ಕಾಂಪ್ಯಾಕ್ಟಸ್.

ತೆಂಗಿಗೆ ಬೀಳುವ ಕೆಂಪು ಮೂತಿ ಹುಳುವಿನ ಹೆಸರನ್ನು ನೀವು ಊರಲ್ಲಿ ಕೇಳಿರಬಹುದು. ಇದೂ ಅದೇ ಮೂತಿ ಹುಳುಗಳ ಕುಟುಂಬದ್ದು, ಆದರೆ ಉದ್ದನೆಯ ಮೂತಿಯಿಲ್ಲ. ಮೈ ಕಪ್ಪು, ಉದ್ದ 2 ಮಿ.ಮೀ. ಕೂಡ ಇಲ್ಲ.

ಹೆಣ್ಣು ಹುಳು ಎಳೆ ರೆಂಬೆಯ ಅಡಿಭಾಗದಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತು ಕೊರೆದು ಒಳಸೇರುತ್ತದೆ. ತಮಾಷೆಯೆಂದರೆ, ಅದು ಮರ ತಿನ್ನುವುದಿಲ್ಲ, ಬೇಸಾಯ ಮಾಡುತ್ತದೆ! ಬೆನ್ನಿನ ಪುಟ್ಟ ಚೀಲದಲ್ಲಿ ಹೊತ್ತು ತಂದ ಶಿಲೀಂಧ್ರದ ಬೀಜಕಣಗಳನ್ನು ಸುರಂಗದ ಗೋಡೆಗೆ ಬಿತ್ತುತ್ತದೆ. ತಾಯಿ, ಮರಿಗಳಿಗೆ ಆ ಬೂಷ್ಟೇ ಊಟ. ಗ್ರೀಕ್ ದೇವತೆಗಳ ಅಮೃತದ ಹೆಸರಿನಲ್ಲಿ ಅದನ್ನು ಆಂಬ್ರೋಸಿಯಾ ಎನ್ನುತ್ತಾರೆ. ಸುಮಾರು ಒಂದು ತಿಂಗಳಲ್ಲಿ ಮರಿಗಳು ಬೆಳೆದು ನಿಲ್ಲುತ್ತವೆ. ಗಂಡುಗಳು ಹಾರಲಾರವು. ಹೆಣ್ಣುಗಳು ಶಿಲೀಂಧ್ರ ಹೊತ್ತುಕೊಂಡು ಮತ್ತೊಂದು ರೆಂಬೆಗೆ ಹಾರುತ್ತವೆ.

ಹುಳುವಿಗೆ ಅಮೃತವಾದದ್ದು ಗಿಡಕ್ಕೆ ವಿಷ. ಸುರಂಗ ಮತ್ತು ಶಿಲೀಂಧ್ರ ಸೇರಿ ನೀರಿನ ದಾರಿ ಕಟ್ಟುತ್ತವೆ. ಎಲೆ ಬಾಡಿ ರೆಂಬೆ ಒಣಗುತ್ತದೆ. ಮುಂದಿನ ವರ್ಷ ಹೂ ಬಿಟ್ಟು ಕಾಯಿ ಕಟ್ಟಬೇಕಾದ ರೆಂಬೆಯೇ ಅದು. ಹಾಗಾಗಿ ಇಂದಿನ ಒಂದು ತೂತು ಬರುವ ವರ್ಷದ ಫಸಲಿನ ಲೆಕ್ಕ ತಪ್ಪಿಸುತ್ತದೆ.

ಔಷಧಿ ಹೊಡೆದರಾಯಿತಲ್ಲ ಎನ್ನುವಿರಾ? ರೆಂಬೆಯೊಳಗಿನ ಹುಳುವಿಗೆ ಅದು ತಲುಪುವುದು ಕಷ್ಟ. ಮುಖ್ಯ ಮದ್ದು ಕತ್ತರಿಯೇ. ತೂತಿಗಿಂತ ಕೆಳಗೆ, ಗಿಡದ ಕಡೆಗೆ ಎರಡು ಮೂರು ಅಂಗುಲ ಬಿಟ್ಟು ರೆಂಬೆ ಕತ್ತರಿಸಿ ಸುಡಬೇಕು. ಮರಗಸಿ ಮಾಡಿ ದಟ್ಟ ನೆರಳು ತೆಳುವಾಗಿಸಬೇಕು, ತೋಟದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಬೇಕು.

ರಜೆಗೆ ಕೊಡಗಿಗೋ ಚಿಕ್ಕಮಗಳೂರಿಗೋ ಹೋದಾಗ ತೋಟದಲ್ಲಿ ಒಣಗಿದ ರೆಂಬೆ ಕಂಡರೆ ಅಡಿಭಾಗ ತಿರುಗಿಸಿ ನೋಡಿ. ತೂತಿದ್ದರೆ ತೋಟದವರಿಗೆ ತೋರಿಸಿ. ಕಿತ್ತು ಅಲ್ಲೇ ನೆಲಕ್ಕೆ ಮಾತ್ರ ಎಸೆಯಬೇಡಿ. ಒಳಗಿರುವ ಹುಳುಗಳು ಹೊರಬಂದು ಪಕ್ಕದ ಗಿಡಕ್ಕೆ ಹಾರಿಯಾವು!