ಉತ್ತರ ಹೇಳಬೇಡಿ, ಎಣಿಸಲು ಹೇಳಿ: ಹೊಲದಲ್ಲಿ ಮಕ್ಕಳ ವಿಜ್ಞಾನ

ಮಕ್ಕಳಿಗೆ ವಿಜ್ಞಾನ ಕಲಿಸಲು ಡಿಗ್ರಿ ಬೇಕಿಲ್ಲ. ಒಂದು ಸ್ಕೇಲು, ಒಂದು ನೋಟ್‌ಬುಕ್ಕು, ಎರಡು ಖಾಲಿ ಡಬ್ಬಿ, ಒಂದು ತುಂಡು ಗೋಣಿಚೀಲ, ಜೊತೆಗೆ ಒಂದು ಹೊಲ ಇದ್ದರೆ ಸಾಕು. ಇದನ್ನು ನಾನು ಧೈರ್ಯವಾಗಿ ಹೇಳುವುದಕ್ಕೆ ಕಾರಣ ಉಂಟು. ನಾನು ಓದಿದ್ದು ಏಳನೇ ಕ್ಲಾಸು. ಚಳ್ಳಕೆರೆ ತಾಲೂಕಿನಲ್ಲಿ ಎಂಟು ಎಕರೆ ಕೆಂಪು ನೆಲ ಇದೆ. ಎಲ್ಲಾ ಮಳೆ ನಂಬಿದ್ದು. ಶೇಂಗಾ, ಸಾವೆ, ತೊಗರಿ, ಹುರುಳಿ ನನ್ನ ಬೆಳೆ.

2020ರ ಮಾರ್ಚಿನಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಮಗಳ ಮಕ್ಕಳಿಬ್ಬರು ನಮ್ಮಲ್ಲಿಗೆ ಬಂದರು. ಮೊಮ್ಮಗಳಿಗೆ ಆಗ ಒಂಬತ್ತು ವರ್ಷ, ಮೊಮ್ಮಗನಿಗೆ ಏಳು. ಮೊಬೈಲಿನಲ್ಲಿ ಪಾಠ ಅಂದರು, ನಮ್ಮೂರಲ್ಲಿ ಸಿಗ್ನಲ್ ಸಿಗಬೇಕಾದರೆ ಬಂಡೆ ಹತ್ತಬೇಕು. ರಾಜ್ಯದಲ್ಲಿ ಒಂದರಿಂದ ಐದನೇ ತರಗತಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಂದರೆ ಒಂದೂವರೆ ವರ್ಷಕ್ಕೂ ಮೇಲೆ ಮನೆಯೇ ಶಾಲೆ. ಕನ್ನಡ, ಲೆಕ್ಕ ಅವರಮ್ಮ ಹೇಳಿಕೊಟ್ಟಳು. ವಿಜ್ಞಾನ ನನ್ನ ಪಾಲಿಗೆ ಬಂತು. ಈಗ ಅವರು ಶಾಲೆಗೆ ಮರಳಿದ್ದಾರೆ. ಆದರೂ ರಜೆ ಬಂದರೆ ನಮ್ಮ ಓಣಿಯ ಏಳೆಂಟು ಮಕ್ಕಳು ನೋಟ್‌ಬುಕ್ಕು ಹಿಡಿದು ಹೊಲಕ್ಕೆ ಬರುತ್ತಾರೆ. ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ತಂದೆತಾಯಿಗಳೂ ಈಗ ಅಲ್ಲಲ್ಲಿ ಇದ್ದಾರೆ. ಅವರಿಗೂ ಉಪಯೋಗ ಆದೀತು ಎಂದು ನಾವು ಮಾಡಿದ್ದನ್ನು ಬರೆಯುತ್ತಿದ್ದೇನೆ.

ನಮ್ಮ ಪದ್ಧತಿ

ಪದ್ಧತಿ ಸುಲಭ. ಮೊದಲು ಒಂದು ಪ್ರಶ್ನೆ. ಅದು ಹೊಲಕ್ಕೆ ನಿಜವಾಗಿ ಬೇಕಾದ ಪ್ರಶ್ನೆಯಾಗಿರಬೇಕು. ಆಮೇಲೆ ಪ್ರತಿ ಮಗು ತನ್ನ ಊಹೆ ಬರೆಯಬೇಕು. ಆಮೇಲೆ ಅಳೆಯುವುದು, ಎಣಿಸುವುದು. ಕೊನೆಗೆ ಊಹೆಗೂ ಲೆಕ್ಕಕ್ಕೂ ಎಷ್ಟು ದೂರ ಅಂತ ನೋಡುವುದು. ದೊಡ್ಡವರು ಮಧ್ಯೆ ಬಾಯಿ ಹಾಕಿ ಉತ್ತರ ಹೇಳಬಾರದು. ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಊಹೆ ಬರೆಸದೆ ಅಳೆಸಿದರೆ ಮಕ್ಕಳಿಗೆ ಅದು ಬರೀ ಕೂಲಿ. ಬರೆಸಿ ಅಳೆಸಿದರೆ ಪಂದ್ಯ ಕಟ್ಟಿದ ಹಾಗೆ, ಊಟಕ್ಕೆ ಕರೆದರೂ ಏಳುವುದಿಲ್ಲ.

ಇದು ನಾನು ಕಂಡುಹಿಡಿದದ್ದೇನೂ ಅಲ್ಲ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ 1972ರಲ್ಲೇ ಹೀಗೆ ಪ್ರಯೋಗ ಮಾಡಿ ವಿಜ್ಞಾನ ಕಲಿಸಲು ಶುರು ಮಾಡಿದ್ದರಂತೆ. ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡಲು ಬಿಡುತ್ತಿದ್ದರು, ಯಾಕೆಂದರೆ ಬಾಯಿಪಾಠ ಕೇಳುವ ಪ್ರಶ್ನೆಗಳೇ ಇರಲಿಲ್ಲ. 2002ರಲ್ಲಿ ಅಲ್ಲಿನ ಸರ್ಕಾರ ಅದನ್ನು ನಿಲ್ಲಿಸಿತು. ಕೃಷಿ ಮೇಳವೊಂದರಲ್ಲಿ ಸಿಕ್ಕಿದ ಮೇಷ್ಟ್ರೊಬ್ಬರು ಈ ಸಂಗತಿ ಹೇಳಿದಾಗ, ನಾವು ನಡೆಯುತ್ತಿರುವ ದಾರಿ ಸರಿ ಇದೆ ಅನ್ನಿಸಿತು.

ಮಳೆ ಅಳೆಯುವ ಡಬ್ಬಿ

ಮೊದಲ ಪಾಠ ಮಳೆ. ತಳದಿಂದ ಬಾಯಿವರೆಗೆ ಒಂದೇ ಅಗಲ ಇರುವ ಯಾವುದೇ ಡಬ್ಬಿ ಆದೀತು. ಮರ, ಸೂರು ಯಾವುದೂ ಅಡ್ಡ ಬರದ ಕಡೆ ಇಟ್ಟು ಸುತ್ತ ಕಲ್ಲು ಕೊಡಿ. ಮಳೆ ನಿಂತ ಮೇಲೆ ಸ್ಕೇಲು ಇಳಿಸಿ ನೀರಿನ ಆಳ ನೋಡಿ. ಎಷ್ಟು ಮಿಲಿಮೀಟರ್ ಆಳವೋ ಅಷ್ಟು ಮಿ.ಮೀ. ಮಳೆ. ತಡ ಮಾಡಿದರೆ ಬಿಸಿಲಿಗೆ ಆರುತ್ತದೆ.

ನಾನು ಎರಡು ಡಬ್ಬಿ ಇಡಿಸಿದೆ, ಒಂದು ಅಗಲ, ಒಂದು ಸಣ್ಣದು. ಯಾವುದರಲ್ಲಿ ಜಾಸ್ತಿ ಆಳ ನಿಲ್ಲುತ್ತದೆ ಅಂತ ಪ್ರಶ್ನೆ. ಇಬ್ಬರೂ ಅಗಲದ ಡಬ್ಬಿ ಅಂತ ಬರೆದರು. ಮಳೆ ಬಂದ ಮೇಲೆ ನೋಡಿದರೆ ಎರಡರಲ್ಲೂ ಒಂದೇ ಆಳ! ಅಗಲದ ಬಾಯಿಗೆ ಹೆಚ್ಚು ನೀರು ಬೀಳುತ್ತದೆ, ಆದರೆ ಅದು ಹರಡುವ ಜಾಗವೂ ಅಷ್ಟೇ ಹೆಚ್ಚು. ಇದನ್ನು ಮೊಮ್ಮಗಳು ತಾನೇ ಎರಡು ದಿನ ಯೋಚಿಸಿ ಹೇಳಿದಳು. ಕುತ್ತಿಗೆ ಸಣ್ಣ ಇರುವ ಬಾಟಲಿ ಯಾಕೆ ಆಗುವುದಿಲ್ಲ ಎಂಬುದೂ ಅವಳಿಗೇ ತಿಳಿಯಿತು.

ಇನ್ನು ಲೆಕ್ಕ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಅಂದರೆ ಒಂದು ಲೀಟರ್ ನೀರು. ಒಂದು ಎಕರೆಗೆ ಸುಮಾರು 4,047 ಚದರ ಮೀಟರ್. 2021ರ ಜೂನಿನಲ್ಲಿ ಒಂದು ರಾತ್ರಿ 31 ಮಿ.ಮೀ. ಬಿತ್ತು. ಗುಣಿಸಿದರೆ ಎಕರೆಗೆ 1,25,000 ಲೀಟರ್ ಮೇಲಾಯಿತು. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 25 ಟ್ಯಾಂಕರ್! ಮೊಮ್ಮಗ ಕೇಳಿದ, "ತಾತಾ, ಅಷ್ಟು ನೀರು ಎಲ್ಲಿಗೋಯ್ತು?" ಮುಂದಿನ ಪಾಠ ಅಲ್ಲೇ ಹುಟ್ಟಿತು.

ನೆಲ ಎಷ್ಟು ಬೇಗ ಕುಡಿಯುತ್ತದೆ?

ಬೋರ್‌ವೆಲ್ ಕೇಸಿಂಗ್ ಪೈಪಿನ ಗೇಣುದ್ದದ ತುಂಡು ಮನೆಯಲ್ಲಿ ಬಿದ್ದಿತ್ತು. ಅದನ್ನು ಎರಡು ಬೆರಳು ಆಳಕ್ಕೆ ನೆಲಕ್ಕೆ ಒತ್ತಿ, ಒಂದು ಲೀಟರ್ ನೀರು ಸುರಿದು, ಪೂರ್ತಿ ಇಂಗಲು ಎಷ್ಟು ನಿಮಿಷ ಅಂತ ಗಡಿಯಾರ ನೋಡಿದರು. ಹೊಂಗೆ ಮರದ ಕೆಳಗೆ, ತರಗು ಬಿದ್ದ ಜಾಗದಲ್ಲಿ 3 ನಿಮಿಷ. ಉತ್ತ ಹೊಲದಲ್ಲಿ 8. ಗಾಡಿ, ಟ್ರ್ಯಾಕ್ಟರ್ ಓಡಾಡುವ ದಾರಿಯಲ್ಲಿ 40 ನಿಮಿಷ ಆದರೂ ನೀರು ನಿಂತೇ ಇತ್ತು. ನಿಮ್ಮಲ್ಲಿ ಅಂಕಿ ಬೇರೆ ಬರುತ್ತದೆ, ಪರವಾಗಿಲ್ಲ. ಆದರೆ ಮೂರೂ ಕಡೆ ನೆಲ ಒಂದೇ ಒಣಗಿರಬೇಕು, ಇಲ್ಲವಾದರೆ ಹೋಲಿಕೆ ತಪ್ಪುತ್ತದೆ. ಬದು ಯಾಕೆ, ತರಗು ಯಾಕೆ ಸುಡಬಾರದು ಅಂತ ನಾನು ಬೇರೆ ಭಾಷಣ ಮಾಡಬೇಕಾಗಲಿಲ್ಲ.

ಮಣ್ಣಿನಲ್ಲಿ ಏನಿದೆ ಅಂತ ನೋಡಲು ಗಾಜಿನ ಬಾಟಲಿ ಬೇಕು. ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಬಟ್ಟೆ ಸೋಪಿನ ಪುಡಿ. ಚೆನ್ನಾಗಿ ಕುಲುಕಿ ಅಲ್ಲಾಡದ ಕಡೆ ಇಡಿ. ಮರಳು ಒಂದೆರಡು ನಿಮಿಷದಲ್ಲಿ ಕೂರುತ್ತದೆ. ಅದಕ್ಕಿಂತ ನುಣುಪಾದ ಮಣ್ಣು ಕೆಲವು ಗಂಟೆಯಲ್ಲಿ. ಜೇಡಿ ಕೂರಲು ಒಂದೆರಡು ದಿನ ಬೇಕು. ಕೂತ ಪದರಗಳನ್ನು ಸ್ಕೇಲಿನಲ್ಲಿ ಅಳೆದರೆ ನಿಮ್ಮ ಮಣ್ಣಿನ ಜಾತಕ ಸಿಕ್ಕಿತು. ನಮ್ಮ ಹೊಲದ ಮಣ್ಣನ್ನೂ ಕೆರೆಗೋಡನ್ನೂ ಪಕ್ಕಪಕ್ಕ ಇಟ್ಟರೆ, ಹಿಂದಿನವರು ಗಾಡಿ ಕಟ್ಟಿ ಗೋಡು ಹೊಡೆದದ್ದು ಯಾಕೆ ಅಂತ ಕಣ್ಣಿಗೇ ಕಾಣುತ್ತದೆ.

ನೂರು ಬೀಜದ ಪಾಠ

ನಮಗೆ ನೇರವಾಗಿ ದುಡ್ಡು ಉಳಿಸಿದ ಪಾಠ ಇದು. ಶೇಂಗಾ ಬಿತ್ತನೆಗೆ ಹದಿನೈದು ದಿನ ಮೊದಲು ಮನೆಯಲ್ಲಿ ಎರಡು ಥರದ ಬೀಜ ಇತ್ತು. ಒಂದು, ಕಾಯಿಯಲ್ಲೇ ಇಟ್ಟಿದ್ದ ನಮ್ಮದೇ ಬೀಜ. ಇನ್ನೊಂದು, ನೆರೆಯವರೊಬ್ಬರ ಮಾತು ಕೇಳಿ ಕೊಳ್ಳಬೇಕೆಂದು ವ್ಯಾಪಾರಿಯಿಂದ ತಂದಿದ್ದ ನಮೂನೆ. ನೋಡಲು ಎರಡನೆಯದೇ ದಪ್ಪ, ಹೊಳಪು. ಯಾವುದು ಹೆಚ್ಚು ಮೊಳೆಯುತ್ತದೆ ಅಂದರೆ ಮಕ್ಕಳು ಅದಕ್ಕೇ ಓಟು ಹಾಕಿದರು.

ಆರಿಸದೆ, ಕೈಗೆ ಸಿಕ್ಕಿದ ಹಾಗೆ ನೂರು ನೂರು ಬೀಜ ತೆಗೆದರು. ಒದ್ದೆ ಗೋಣಿಯ ಮೇಲೆ ಹತ್ತರ ಸಾಲಿನಂತೆ ಜೋಡಿಸಿ, ಮೇಲೊಂದು ಒದ್ದೆ ಬಟ್ಟೆ ಹೊದಿಸಿ, ಸುರುಳಿ ಸುತ್ತಿ ನೆರಳಲ್ಲಿ ಇಟ್ಟರು. ದಿನಾ ನೀರು ಚಿಮುಕಿಸಿದರು. ಐದನೇ ದಿನ ಒಮ್ಮೆ, ಹತ್ತನೇ ದಿನ ಒಮ್ಮೆ ಎಣಿಕೆ. ನಮ್ಮ ಬೀಜ 84, ತಂದ ಬೀಜ 58. ಪ್ರಮಾಣಿತ ಶೇಂಗಾ ಬೀಜ ಅನ್ನಬೇಕಾದರೆ ನೂರಕ್ಕೆ ಕನಿಷ್ಠ 70 ಮೊಳೆಯಬೇಕು. ಎಕರೆಗೆ 40 ಕಿಲೋ ಬಿತ್ತಿದ್ದರೆ 16-17 ಕಿಲೋ ಮಣ್ಣುಪಾಲು. ಮಳೆ ನಂಬಿದ ನೆಲದಲ್ಲಿ ಒಮ್ಮೆ ಹದ ತಪ್ಪಿದರೆ ಮತ್ತೆ ಬಿತ್ತಲು ಕಾಲ ಇರುವುದಿಲ್ಲ. ಆ ಬೀಜ ಕೊಳ್ಳಲಿಲ್ಲ. ನಮ್ಮನೆಯವಳು "ಈ ಸಲದ ಬಿತ್ತನೆ ಹುಡುಗ್ರದ್ದು" ಅಂದಳು. ತಾವು ಎಣಿಸಿದ ಅಂಕಿಯಿಂದ ಮನೆಯ ತೀರ್ಮಾನವೇ ಬದಲಾಯಿತು ಅಂತ ಗೊತ್ತಾದ ದಿನ ಮಕ್ಕಳ ಮುಖ ನೋಡಬೇಕಿತ್ತು.

ಬೇರಿನ ಗಂಟು, ನೆಲಕ್ಕಿಳಿಯುವ ಸೂಜಿ

ಬಿತ್ತಿದ ಒಂದೂವರೆ ತಿಂಗಳಿಗೆ ಮೊಮ್ಮಗಳು ಒಂದು ಗಿಡ ಕಿತ್ತು ತಂದಳು. "ತಾತಾ, ಬೇರಿಗೆ ಗಂಟು ಬಂದವೆ, ಔಷ್ದಿ ಹೊಡೀಬೇಕು." ಉಗುರಿನಿಂದ ಒಂದು ಗಂಟು ಒಡೆದು ನೋಡವ್ವಾ ಅಂದೆ. ಒಳಗೆ ಕೆಂಪು. ಆ ಗಂಟಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ, ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತವೆ. ಒಳಗೆ ಕೆಂಪು ಇದ್ದರೆ ಕೆಲಸ ನಡೆದಿದೆ, ಬಿಳಿ ಅಥವಾ ಹಸಿರಾಗಿದ್ದರೆ ನಡೆದಿಲ್ಲ. ನಮ್ಮ ರಕ್ತದ ಕೆಂಪಿನ ಸಂಬಂಧಿಯೇ ಈ ಕೆಂಪು ಅಂದಾಗ ಇಬ್ಬರೂ ಬೆರಳು ನೋಡಿಕೊಂಡರು. ಜಂತುಹುಳುವಿನಿಂದ ಆಗುವ ರೋಗದ ಗಂಟು ಬೇರೆ. ಅದು ಬೇರೇ ಊದಿಕೊಂಡಿದ್ದು, ಉಜ್ಜಿದರೆ ಉದುರುವುದಿಲ್ಲ. ಒಳ್ಳೆ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಸುಲಭವಾಗಿ ಉದುರುತ್ತದೆ. ಹತ್ತು ಗಿಡ ಕಿತ್ತು ಗಂಟು ಎಣಿಸಿ, ರಾಗಿ ಬೇರಿನ ಜೊತೆ ಹೋಲಿಸಿದರು. ರಾಗಿಯಲ್ಲಿ ಒಂದೂ ಇಲ್ಲ. ಶೇಂಗಾ ಆದ ಮೇಲೆ ರಾಗಿ ಯಾಕೆ ಚೆನ್ನಾಗಿ ಬರುತ್ತದೆ ಎಂಬ ಮಾತಿಗೆ ಇದು ಪೀಠಿಕೆ.

ಶೇಂಗಾ ಹೂವು ಬೆಳಿಗ್ಗೆ ಅರಳಿ ಅದೇ ದಿನ ಬಾಡುತ್ತದೆ. ಹೂವು ಮೇಲೆ, ಕಾಯಿ ಮಾತ್ರ ಮಣ್ಣೊಳಗೆ. ಹೇಗೆ? ಹೂವಿನ ಗೆಣ್ಣಿಗೆ ಬಣ್ಣದ ದಾರ ಕಟ್ಟಿಸಿ, ದಿನಾ ನೋಡಿಸಿ. ಸುಮಾರು ಒಂದು ವಾರಕ್ಕೆ ಸೂಜಿಯಂಥ ಎಳೆ ಹೊರಟು ನೆಲದ ಕಡೆ ಇಳಿಯುತ್ತದೆ. ನಾಲ್ಕು ಸೂಜಿಗಳ ಕೆಳಗೆ ಮಣ್ಣು ಸಿಗದ ಹಾಗೆ ಬಿಲ್ಲೆ ಕಲ್ಲು ಇಡಿಸಿದೆ. ಅವು ಕಾಯಿ ಕಟ್ಟಲಿಲ್ಲ. ಕಾಯಿ ತನಗೆ ಬೇಕಾದ ಸುಣ್ಣದಂಶವನ್ನು ಸುತ್ತಲಿನ ಮಣ್ಣಿನಿಂದ ತಾನೇ ಹೀರುತ್ತದೆ. ಹೂ ಬಿಡುವ ಕಾಲಕ್ಕೆ ಜಿಪ್ಸಂ ಹಾಕಿ ಬುಡಕ್ಕೆ ಮಣ್ಣು ಏರಿಸುವುದು ಅದಕ್ಕೇ.

ದೀಪಕ್ಕೆ ಬರುವ ಬಿಳಿ ಪತಂಗ

ಕೆಂಪು ತಲೆ ಕಂಬಳಿ ಹುಳದ ಕಾಟ ನಮ್ಮ ಸೀಮೆಗೆ ಹೊಸದಲ್ಲ. ಹದ ಮಳೆ ಬಿದ್ದ ಮೇಲೆ ಮಣ್ಣೊಳಗಿನ ಕೋಶದಿಂದ ಪತಂಗ ಹೊರಡುತ್ತದೆ, ದೀಪಕ್ಕೆ ಮುತ್ತುತ್ತದೆ. ಸಂಜೆ ಬಲ್ಬಿನ ಕೆಳಗೆ ಸೋಪು ನೀರಿನ ಬೋಗುಣಿ ಇಟ್ಟು, ಬೆಳಿಗ್ಗೆ ಎಣಿಸಿ ಬರೆಯುವುದು ಮಕ್ಕಳ ಕೆಲಸ. ಆರು ದಿನದ ಲೆಕ್ಕ: 4, 0, 37, 61, 22, 9. ಮಳೆ ಲೆಕ್ಕದ ಪಕ್ಕ ಇದನ್ನು ಬರೆದಾಗ ಎರಡಕ್ಕೂ ನಂಟು ಕಂಡಿತು. ಸಂಖ್ಯೆ ಏರಿದ ಎರಡೇ ದಿನಕ್ಕೆ ಎಲೆಯ ಅಡಿಯಲ್ಲಿ ಮೊಟ್ಟೆಯ ಗುಂಪು ಹುಡುಕಿ, ಎಲೆ ಸಮೇತ ಕಿತ್ತರು. ಮೊಟ್ಟೆ ಮೂರ್ನಾಲ್ಕು ದಿನದಲ್ಲಿ ಒಡೆಯುವುದರಿಂದ ತಡ ಮಾಡುವಂತಿಲ್ಲ.

ನೆರಳಿನ ಕಡ್ಡಿ

ಅಂಗಳದಲ್ಲಿ ನೆಟ್ಟಗೆ ಒಂದು ಕಡ್ಡಿ ನೆಟ್ಟು, ಹತ್ತು ಹತ್ತು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕಿ. ಅತಿ ಗಿಡ್ಡ ನೆರಳು ಉತ್ತರ-ದಕ್ಷಿಣ ತೋರಿಸುತ್ತದೆ. ನಮ್ಮಲ್ಲಿ ಏಪ್ರಿಲ್ ಕೊನೆ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ ಮಧ್ಯಾಹ್ನ ನೆರಳೇ ಇರುವುದಿಲ್ಲ. ಇವೆರಡರ ನಡುವೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಭರಣಿ ಮಳೆ ಹುಟ್ಟುವುದೂ ಆ ಏಪ್ರಿಲ್ ಕೊನೆಗೇ. ವರ್ಷದ 365 ದಿನವನ್ನು 27 ನಕ್ಷತ್ರಕ್ಕೆ ಹಂಚಿದರೆ ಒಂದು ಮಳೆಗೆ ಹದಿಮೂರೂವರೆ ದಿನ. ಅಜ್ಜಿ ಹೇಳುವ ಮಳೆ ಲೆಕ್ಕ ಸೂರ್ಯನ ದಾರಿಯ ಲೆಕ್ಕ ಅಂತ ಮಕ್ಕಳಿಗೆ ತಿಳಿಯಿತು. ಆ ನಕ್ಷತ್ರದಲ್ಲಿ ಮಳೆ ಬಂದೇ ಬರುತ್ತದೋ ಇಲ್ಲವೋ ಎಂಬುದನ್ನು ಡಬ್ಬಿಯೇ ಹೇಳಬೇಕು. ಹಾಗಾಗಿ ನಾಲ್ಕೈದು ವರ್ಷದ ಲೆಕ್ಕ ಇಡುತ್ತಿದ್ದೇವೆ.

ಕೆಲವು ಎಚ್ಚರಿಕೆ

ಮಕ್ಕಳನ್ನು ಒಂಟಿಯಾಗಿ ಹೊಲಕ್ಕೆ ಬಿಡಬೇಡಿ. ಕಲ್ಲು ಎತ್ತುವಾಗ ಕೈ ಬೇಡ, ಕೋಲು ಬಳಸಲಿ, ಹಾವು ಚೇಳು ಇರುತ್ತವೆ. ಕಂಬಳಿ ಹುಳ ಮುಟ್ಟಿದರೆ ತುರಿಕೆ. ಔಷಧಿ ಹೊಡೆದ ಹೊಲಕ್ಕೆ ಕರೆದೊಯ್ಯಬಾರದು, ಔಷಧಿಯ ಖಾಲಿ ಡಬ್ಬಿ ಪ್ರಯೋಗಕ್ಕೆ ಖಂಡಿತಾ ಬೇಡ. ಉಪಚರಿಸಿದ ಬಣ್ಣದ ಬೀಜ ಬರಿಗೈಯಲ್ಲಿ ಎಣಿಸಬಾರದು. ಬಾವಿ, ಕೃಷಿಹೊಂಡದ ಹತ್ತಿರ ದೊಡ್ಡವರು ಜೊತೆಗಿರಲೇಬೇಕು.

ಎಲ್ಲಾ ವಿಜ್ಞಾನವೂ ಹೊಲದಲ್ಲಿ ಸಿಗುವುದಿಲ್ಲ. ಗಂಟಿನೊಳಗಿನ ಜೀವಿ ತೋರಿಸಲು ಸೂಕ್ಷ್ಮದರ್ಶಕ ಬೇಕು. ವಿದ್ಯುತ್ತು, ಅಣು ಇವನ್ನೆಲ್ಲಾ ಹೇಳಲು ಓದಿದ ಮೇಷ್ಟ್ರು ಬೇಕು. ಮಕ್ಕಳು ಕೇಳಿದ್ದಕ್ಕೆ ನನಗೆ ತಿಳಿಯದಿದ್ದರೆ ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಬರೆಸುತ್ತೇನೆ. ಶಾಲೆ ತೆರೆದ ಮೇಲೆ ಮೊಮ್ಮಗಳು ಆ ಹಾಳೆ ಹಿಡಿದೇ ಹೋದಳು. ಪಟ್ಟಿಯಲ್ಲಿ 43 ಪ್ರಶ್ನೆ ಇದ್ದವು.

ಈ ಮಕ್ಕಳು ಮುಂದೆ ಹೊಲ ಮಾಡುತ್ತಾರೋ ಬಿಡುತ್ತಾರೋ ಹೇಳಲಾಗದು. ಯಾವ ಕೆಲಸಕ್ಕೆ ಹೋದರೂ, ಯಾರೋ ಹೊಳಪು ತೋರಿಸಿ ಏನೋ ಮಾರಲು ಬಂದಾಗ "ನೂರು ತೆಗೆದು ಎಣಿಸೋಣ" ಅಂದರೆ ಸಾಕು. ಈ ಮುಂಗಾರಿಗೆ ಮೊದಲು ನಿಮ್ಮ ಮನೆಯ ಮಕ್ಕಳಿಂದ ಒಂದು ಬೀಜ ಪರೀಕ್ಷೆ ಮಾಡಿಸಿ ನೋಡಿ. ಬಂದ ಅಂಕಿಯನ್ನು ಮಕ್ಕಳ ಕೈಯಲ್ಲೇ ಪತ್ರಿಕೆಗೆ ಬರೆಸಿ ಕಳಿಸಿ.