ಶಿಮ್ಲಾ: ಒಂದು ಬೆಟ್ಟ ಹೊತ್ತಿರುವ ಭಾರ

ಪರೀಕ್ಷೆ ಮುಗಿದ ಮೇಲೆ ದೂರದ ಪ್ರವಾಸ ಹೋಗಬೇಕೆಂಬ ಮಾತು ಬಂದಾಗ ನಮ್ಮಲ್ಲಿ ಕೇಳಿಬರುವ ಮೊದಲ ಹೆಸರುಗಳಲ್ಲಿ ಶಿಮ್ಲಾ ಒಂದು. ಹಿಮ, ದೇವದಾರು ಮರಗಳು, ಪುಟಾಣಿ ರೈಲು, ಮಾಲ್ ರಸ್ತೆಯಲ್ಲಿ ತೆಗೆದ ಫೋಟೋಗಳು. ಹೆಚ್ಚಿನವರಿಗೆ ಆ ಊರಿನ ಪರಿಚಯ ಇಷ್ಟಕ್ಕೇ ಮುಗಿದುಹೋಗುತ್ತದೆ. ಆದರೆ ಇತಿಹಾಸದ ವಿದ್ಯಾರ್ಥಿಗಳಿಗೆ ಈ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ: 1906ರ ನಿಯೋಗ, 1945ರ ಸಮ್ಮೇಳನ, 1972ರ ಒಪ್ಪಂದ.

ಭೂಮಿಯಲ್ಲಿ ಸಂಚರಿಸಿ, ಕಣ್ಣು ತೆರೆದು ನೋಡಿ, ಹಿಂದಿನವರಿಂದ ಪಾಠ ಕಲಿಯಬೇಕೆಂದು ನಮ್ಮ ಧರ್ಮ ಕಲಿಸುತ್ತದೆ. ಹಾಗೆ ನೋಡುವವರು ಶಿಮ್ಲಾದಲ್ಲಿ ಒಂದು ಪ್ರಶ್ನೆಯನ್ನು ಜೊತೆಗಿಟ್ಟುಕೊಳ್ಳಬೇಕು. ಈ ಸೊಬಗಿನ ಭಾರವನ್ನು ಹೊತ್ತವರು ಯಾರು? ಇಂದು ಹೊರುತ್ತಿರುವವರು ಯಾರು?

ಊರು ಹುಟ್ಟಿದ್ದು ಹೇಗೆ?

ಶಿಮ್ಲಾ ಸಮುದ್ರ ಮಟ್ಟದಿಂದ ಸುಮಾರು 2,200 ಮೀಟರ್ ಎತ್ತರದಲ್ಲಿದೆ. ಕಾಳಿಯ ಒಂದು ರೂಪವಾದ ಶ್ಯಾಮಲಾ ದೇವಿಯಿಂದ ಊರಿಗೆ ಈ ಹೆಸರು ಬಂತೆಂಬುದು ಪ್ರಚಲಿತ ನಂಬಿಕೆ. 1814ರಿಂದ 1816ರವರೆಗೆ ನಡೆದ ಗೂರ್ಖಾ ಯುದ್ಧದ ನಂತರ ಬ್ರಿಟಿಷರು ಈ ಬೆಟ್ಟಗಳಿಗೆ ಕಾಲಿಟ್ಟರು. 1822ರಲ್ಲಿ ಚಾರ್ಲ್ಸ್ ಕೆನಡಿ ಎಂಬ ಅಧಿಕಾರಿ ಇಲ್ಲಿ ಮೊದಲ ಭದ್ರವಾದ ಮನೆ ಕಟ್ಟಿಸಿದರು. 1864ರಲ್ಲಿ ವೈಸ್‌ರಾಯ್ ಜಾನ್ ಲಾರೆನ್ಸ್ ಇದನ್ನು ಬೇಸಿಗೆ ರಾಜಧಾನಿಯನ್ನಾಗಿ ಮಾಡಿದರು. ಅಂದಿನಿಂದ ಪ್ರತಿ ವರ್ಷ ಬೇಸಿಗೆಯಲ್ಲಿ ಇಡೀ ಸರಕಾರ ಕಲ್ಕತ್ತಾದಿಂದ ಈ ಬೆಟ್ಟಕ್ಕೆ ಏರುತ್ತಿತ್ತು. ವರ್ಷದ ಅರ್ಧಕ್ಕೂ ಹೆಚ್ಚು ಕಾಲ ಕೋಟ್ಯಂತರ ಜನರ ಆಡಳಿತ ಇಲ್ಲಿಂದಲೇ ನಡೆಯಿತು.

ರೈಲು ಬರುವ ಮೊದಲು ಕಡತ, ಪೀಠೋಪಕರಣ, ಪಿಯಾನೋ ಎಲ್ಲವೂ ಹೇಸರಗತ್ತೆ, ಎತ್ತಿನ ಗಾಡಿ ಮತ್ತು ಮನುಷ್ಯರ ಬೆನ್ನಿನ ಮೇಲೆ ಬರಬೇಕಿತ್ತು. ಸುತ್ತಲಿನ ಹಳ್ಳಿಗರನ್ನು ಬಿಟ್ಟಿ ದುಡಿಮೆಗೆ ಎಳೆಯಲಾಗುತ್ತಿತ್ತು. ಈ ಪದ್ಧತಿಗೆ ‘ಬೇಗಾರ್’ ಎಂದು ಹೆಸರು. ಕೋಟ್‌ಗಢದಲ್ಲಿ ನೆಲೆಸಿದ್ದ ಅಮೆರಿಕದ ಸ್ಯಾಮ್ಯುಯೆಲ್ ಸ್ಟೋಕ್ಸ್ 1921ರ ಸುಮಾರಿಗೆ ಹಳ್ಳಿಗರೊಂದಿಗೆ ನಿಂತು ಇದರ ವಿರುದ್ಧ ಹೋರಾಡಿದರು. ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೂ ಹೋದರು. ಹಿಮಾಚಲಕ್ಕೆ ಒಳ್ಳೆಯ ತಳಿಯ ಸೇಬು ತಂದವರೂ ಇವರೇ. ನಾವು ಅಂಗಡಿಯಲ್ಲಿ ಕೊಳ್ಳುವ ಶಿಮ್ಲಾ ಸೇಬಿನ ಹಿಂದೆ ಈ ಕಥೆಯೂ ಇದೆ.

ಬೆಟ್ಟ ಏರುವ ರೈಲು

ಕಾಲ್ಕಾ–ಶಿಮ್ಲಾ ರೈಲುಮಾರ್ಗ 1903ರಲ್ಲಿ ಆರಂಭವಾಯಿತು. ಸುಮಾರು 96 ಕಿಲೋಮೀಟರ್ ಉದ್ದದ ಈ ಹಾದಿಯ ಹಳಿಗಳ ನಡುವಿನ ಅಂತರ ಕೇವಲ 762 ಮಿಲಿಮೀಟರ್. ಹಳಿ ಕಿರಿದಾಗಿರುವುದರಿಂದಲೇ ರೈಲು ಬೆಟ್ಟದ ಚೂಪು ತಿರುವುಗಳಲ್ಲಿ ಹೊರಳಬಲ್ಲದು. ಕಾಲ್ಕಾದ ಸುಮಾರು 650 ಮೀಟರ್ ಎತ್ತರದಿಂದ ಶಿಮ್ಲಾ ನಿಲ್ದಾಣದ 2,076 ಮೀಟರ್‌ವರೆಗೆ ಅದು ಏರುತ್ತದೆ. ದಾರಿಯಲ್ಲಿ 102 ಸುರಂಗಗಳು, 800ಕ್ಕೂ ಹೆಚ್ಚು ಸೇತುವೆಗಳಿವೆ. ಅತಿ ಉದ್ದದ ಬರೋಗ್ ಸುರಂಗ 1,100 ಮೀಟರ್‌ಗಿಂತ ಹೆಚ್ಚಿದೆ. 2008ರಲ್ಲಿ ಯುನೆಸ್ಕೋ ಈ ಮಾರ್ಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಂಜಿನಿಯರರಿಗೆ ಬೆಟ್ಟದ ದಾರಿ ತೋರಿಸಿದವರು ಭಲ್ಕು ಎಂಬ ಓದುಬರಹ ಬಾರದ ಹಳ್ಳಿಗರು ಎಂದು ಅಲ್ಲಿನ ಜನ ಇಂದಿಗೂ ನೆನೆಯುತ್ತಾರೆ. ಶಿಮ್ಲಾದ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಅವರದೇ ಹೆಸರಿಡಲಾಗಿದೆ.

ರಿಡ್ಜ್ ಮತ್ತು ಮಾಲ್

ಊರಿನ ನಡುವಿನ ಬಯಲಿಗೆ ರಿಡ್ಜ್ ಎನ್ನುತ್ತಾರೆ. ಭೂಗೋಳದ ವಿದ್ಯಾರ್ಥಿಗಳು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಶಿಮ್ಲಾ ಇರುವುದು ಜಲವಿಭಾಜಕದ ಮೇಲೆ. ಒಂದು ಬದಿಗೆ ಬಿದ್ದ ಮಳೆನೀರು ಸಟ್ಲೆಜ್ ಸೇರಿ ಅರಬ್ಬಿ ಸಮುದ್ರದತ್ತ ಹರಿಯುತ್ತದೆ. ಇನ್ನೊಂದು ಬದಿಯ ನೀರು ಯಮುನೆಯ ಮೂಲಕ ಬಂಗಾಳ ಕೊಲ್ಲಿಯತ್ತ ಸಾಗುತ್ತದೆ. ನಾವು ನಿಂತ ನೆಲದ ಕೆಳಗೆ ಬ್ರಿಟಿಷರ ಕಾಲದ ದೊಡ್ಡ ನೀರಿನ ತೊಟ್ಟಿಯಿದೆ. ಊರಿಗೆ ನೀರು ಹೋಗುವುದು ಅದರಿಂದಲೂ.

ಪಕ್ಕದ ಮಾಲ್ ರಸ್ತೆ ಆಳುವವರ ಬೀದಿಯಾಗಿತ್ತು. ಗಾಡಿ ಓಡಿಸುವ ಹಕ್ಕು ವೈಸ್‌ರಾಯ್, ಸೇನಾಧಿಪತಿ ಮತ್ತು ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಈ ಮೂವರಿಗೆ ಮಾತ್ರ. ಉಳಿದ ಸಾಹೇಬರು ಮನುಷ್ಯರು ಎಳೆಯುವ ರಿಕ್ಷಾಗಳಲ್ಲಿ ಓಡಾಡಿದರು. ರಿಕ್ಷಾ ಎಳೆಯುವವರು, ಹಮಾಲರು, ಸಣ್ಣ ವ್ಯಾಪಾರಿಗಳು ಬದುಕಿದ್ದು ಮೆಟ್ಟಿಲುಗಳ ಕೆಳಗಿನ ಲೋವರ್ ಬಜಾರಿನಲ್ಲಿ. ಮಾಲ್‌ನಿಂದ ಲೋವರ್ ಬಜಾರಿಗೆ ಇಳಿಯುವ ಮೆಟ್ಟಿಲುಗಳ ಮೇಲೆ ನಡೆದರೆ ಆ ಕಾಲದ ಸಮಾಜದ ಮೇಲು–ಕೀಳು ಇಂದಿಗೂ ಕಾಲಿಗೆ ಅರಿವಾಗುತ್ತದೆ.

ಆರಾಧನಾ ಸ್ಥಳಗಳು

ರಿಡ್ಜ್‌ನಲ್ಲಿ ಮೊದಲು ಕಣ್ಣಿಗೆ ಬೀಳುವುದು ಹಳದಿ ಬಣ್ಣದ ಕ್ರೈಸ್ಟ್ ಚರ್ಚ್. 1844ರಲ್ಲಿ ಇದರ ಕೆಲಸ ಶುರುವಾಯಿತು, 1857ರಲ್ಲಿ ಪ್ರತಿಷ್ಠಾಪನೆಯಾಯಿತು. ಅದರ ಮೇಲ್ಗಡೆ 2,455 ಮೀಟರ್ ಎತ್ತರದ ಜಾಖೂ ಬೆಟ್ಟದಲ್ಲಿ ಹಳೆಯ ಹನುಮಾನ್ ದೇವಾಲಯವಿದೆ. ಸಂಜೀವಿನಿ ತರಲು ಹೊರಟ ಹನುಮಂತ ಇಲ್ಲಿ ತಂಗಿದ್ದನೆಂಬುದು ಭಕ್ತರ ನಂಬಿಕೆ. 2010ರಲ್ಲಿ ಅಲ್ಲಿ 108 ಅಡಿ ಎತ್ತರದ ಪ್ರತಿಮೆ ನಿಲ್ಲಿಸಲಾಯಿತು. ಶ್ಯಾಮಲಾ ದೇವಿಯ ಕಾಳಿಬಾರಿ ದೇವಾಲಯವನ್ನು 1845ರಲ್ಲಿ ಕಟ್ಟಲಾಯಿತು. ಸರಕಾರಿ ಕಚೇರಿಗಳ ಗುಮಾಸ್ತರಾಗಿ ಇಷ್ಟು ದೂರ ಬಂದ ಬಂಗಾಳಿಗಳಿಗೆ ಅದೇ ಊರಿನ ನೆನಪಾಗಿತ್ತು.

ಮಿಡಲ್ ಬಜಾರಿನಲ್ಲಿ ಜಾಮಿಯಾ ಮಸೀದಿಯಿದೆ. ಕಾಶ್ಮೀರದಿಂದ ದುಡಿಯಲು ಬರುವ ಹಮಾಲರನ್ನು ಶಿಮ್ಲಾದ ಜನ ‘ಖಾನ್’ ಎಂದು ಕರೆಯುತ್ತಾರೆ. ವಾಹನ ಹೋಗದ ಕಡಿದಾದ ಓಣಿಗಳಿಗೆ ಗ್ಯಾಸ್ ಸಿಲಿಂಡರ್, ಫ್ರಿಜ್, ಸಿಮೆಂಟ್ ಚೀಲಗಳನ್ನು ಬೆನ್ನಿಗೆ ಕಟ್ಟಿಕೊಂಡು ಏರುವವರು ಇವರೇ. ಪ್ರವಾಸಿಯ ಸೂಟ್‌ಕೇಸ್ ಕೂಡ ಅವರ ಬೆನ್ನ ಮೇಲೆಯೇ ಏರುತ್ತದೆ. ಅಲ್ಲಿ ನಮಾಝ್‌ಗೆ ಹೋದರೆ ನಿಮ್ಮ ಪಕ್ಕದ ಸಫ್‌ನಲ್ಲಿ ನಿಲ್ಲುವವರು ಅವರಾಗಿರಬಹುದು. ಕೂಲಿಯಲ್ಲಿ ಹತ್ತು ರೂಪಾಯಿಗೆ ಚೌಕಾಸಿ ಮಾಡುವ ಮುನ್ನ ಇದನ್ನು ನೆನಪಿಡುವುದು ಒಳ್ಳೆಯದು.

ದೇಶದ ಹಣೆಬರಹ ಬರೆದ ಮನೆ

ವೈಸ್‌ರಾಯ್ ನಿವಾಸ 1888ರಲ್ಲಿ ಪೂರ್ಣಗೊಂಡಿತು. ಇದರ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್. ನಮ್ಮ ಮೈಸೂರಿನ ಅಂಬಾವಿಲಾಸ ಅರಮನೆಯನ್ನು ವಿನ್ಯಾಸಗೊಳಿಸಿದವರೂ ಇವರೇ. ಎರಡನ್ನೂ ನೋಡಿದವರು ಹೋಲಿಸಿ ನೋಡಬಹುದು: ಇಲ್ಲಿ ಬೂದು ಕಲ್ಲಿನ ಇಂಗ್ಲಿಷ್ ಗತ್ತು, ಅಲ್ಲಿ ಗುಮ್ಮಟ ಮತ್ತು ಕಮಾನುಗಳ ಭಾರತೀಯ ವೈಭವ.

1906ರ ಅಕ್ಟೋಬರ್ 1ರಂದು ಆಗಾ ಖಾನ್ ನೇತೃತ್ವದ 35 ಮುಸ್ಲಿಂ ಮುಖಂಡರು ಶಿಮ್ಲಾದಲ್ಲಿ ವೈಸ್‌ರಾಯ್ ಮಿಂಟೋ ಅವರನ್ನು ಭೇಟಿಯಾಗಿ ಪ್ರತ್ಯೇಕ ಮತಕ್ಷೇತ್ರ ಕೇಳಿದರು. 1909ರ ಕಾಯ್ದೆ ಅದನ್ನು ಕೊಟ್ಟಿತು. 1945ರ ಜೂನ್ 25ರಂದು ವೇವೆಲ್ ಕರೆದ ಸಮ್ಮೇಳನ ಈ ನಿವಾಸದಲ್ಲಿ ಸೇರಿತು. ಕಾಂಗ್ರೆಸ್ ಅಧ್ಯಕ್ಷರಾಗಿ ಬಂದವರು ಮೌಲಾನಾ ಅಬುಲ್ ಕಲಾಂ ಆಝಾದ್. ವೈಸ್‌ರಾಯ್ ಮಂಡಳಿಯ ಮುಸ್ಲಿಂ ಸದಸ್ಯರೆಲ್ಲರನ್ನೂ ಲೀಗ್ ಮಾತ್ರವೇ ಹೆಸರಿಸಬೇಕೆಂದು ಜಿನ್ನಾ ಪಟ್ಟು ಹಿಡಿದರು. ಸ್ವತಃ ಮುಸ್ಲಿಮರಾಗಿ, ಇಡೀ ದೇಶದ ಪಕ್ಷವೊಂದರ ಅಧ್ಯಕ್ಷರಾಗಿದ್ದ ಆಝಾದ್ ಅದನ್ನು ಹೇಗೆ ಒಪ್ಪಿಯಾರು? ಜುಲೈ 14ರಂದು ಸಮ್ಮೇಳನ ಮುರಿದುಬಿತ್ತು. ಎರಡು ವರ್ಷ ಕಳೆದು ಒಂದು ತಿಂಗಳಿಗೆ ದೇಶ ಇಬ್ಭಾಗವಾಯಿತು. ಆ ಕೋಣೆಗಳಲ್ಲಿ ಮಾತು ಫಲಿಸದೇ ಹೋದದ್ದರ ಬೆಲೆಯನ್ನು ತೆತ್ತವರು ಅಲ್ಲಿ ಕುಳಿತಿದ್ದ ನಾಯಕರಿಗಿಂತ ಹೆಚ್ಚಾಗಿ ಸಾಮಾನ್ಯ ಜನರು.

ಭಾರತ–ಪಾಕಿಸ್ತಾನ ಯುದ್ಧದ ನಂತರ 1972ರಲ್ಲಿ ಇಂದಿರಾ ಗಾಂಧಿ ಮತ್ತು ಝುಲ್ಫಿಕರ್ ಅಲಿ ಭುಟ್ಟೋ ಒಪ್ಪಂದಕ್ಕೆ ಸಹಿ ಹಾಕಿದ್ದೂ ಇದೇ ಊರಿನಲ್ಲಿ, ಬಾರ್ನ್ಸ್ ಕೋರ್ಟ್ ಎಂಬ ಕಟ್ಟಡದಲ್ಲಿ.

ವೈಸ್‌ರಾಯ್ ನಿವಾಸವನ್ನು ವಿದ್ಯೆಗೆ ಬಿಟ್ಟುಕೊಟ್ಟವರು ರಾಷ್ಟ್ರಪತಿ ಎಸ್. ರಾಧಾಕೃಷ್ಣನ್. 1965ರಿಂದ ಅಲ್ಲಿ ಭಾರತೀಯ ಉನ್ನತ ಅಧ್ಯಯನ ಸಂಸ್ಥೆ ನಡೆಯುತ್ತಿದೆ. ಒಂದು ಕಾಲದಲ್ಲಿ ಔತಣಕೂಟಗಳು ನಡೆದ ಕಟ್ಟಡದಲ್ಲಿ ಇಂದು ಪುಸ್ತಕದ ಕಪಾಟುಗಳಿವೆ.

ಈಗ ಭಾರ ಯಾರ ಮೇಲೆ?

2011ರ ಜನಗಣತಿಯ ಪ್ರಕಾರ ಶಿಮ್ಲಾದ ಜನಸಂಖ್ಯೆ ಸುಮಾರು 1.70 ಲಕ್ಷ. ಬೇಸಿಗೆ ರಜೆಯಲ್ಲಿ ಇದರ ಮೇಲೆ ಪ್ರವಾಸಿಗರ ಹೊರೆ ಬೀಳುತ್ತದೆ. 2018ರ ಮೇ ತಿಂಗಳಲ್ಲಿ ನಲ್ಲಿಗಳು ಒಣಗಿದವು. ಜನ ರಾತ್ರಿಯೆಲ್ಲ ಟ್ಯಾಂಕರಿಗಾಗಿ ಸಾಲು ನಿಂತರು. ದಯವಿಟ್ಟು ಈಗ ಬರಬೇಡಿ ಎಂದು ಸ್ಥಳೀಯರು ಪ್ರವಾಸಿಗರನ್ನು ಕೇಳಿಕೊಂಡರು. ಎರಡು ಸಮುದ್ರಗಳಿಗೆ ನೀರು ಹಂಚುವ ಬೆಟ್ಟದ ಮೇಲೆಯೇ ಕುಡಿಯಲು ನೀರಿಲ್ಲದಾಯಿತು.

2023ರ ಆಗಸ್ಟ್ 14ರಂದು ಸಮ್ಮರ್ ಹಿಲ್ ಬಳಿ ಮಣ್ಣು ಕುಸಿದು ಒಂದು ಶಿವ ದೇವಾಲಯ ಕೊಚ್ಚಿಹೋಯಿತು. ಬೆಳಗಿನ ಪೂಜೆಗೆ ಬಂದವರು ಸೇರಿ 20 ಮಂದಿ ತೀರಿಕೊಂಡರು. ಕೆಳಗಿನ ನೆಲ ಜಾರಿ ಪುಟಾಣಿ ರೈಲಿನ ಹಳಿಗಳು ಗಾಳಿಯಲ್ಲಿ ನೇತಾಡಿದವು. ಜೋರು ಮಳೆ, ಕಡಿದಾದ ಇಳಿಜಾರು, ಅದರ ಮೇಲೆ ಹೆಚ್ಚುತ್ತಲೇ ಹೋಗುವ ಕಟ್ಟಡಗಳು ಸೇರಿದಾಗ ಬೆಟ್ಟಕ್ಕೆ ತಡೆಯುವ ಶಕ್ತಿ ಉಳಿಯುವುದಿಲ್ಲ.

ಹೋಗುವವರಿಗೆ ಕೆಲವು ಮಾತು

ಯಶವಂತಪುರದಿಂದ ಚಂಡೀಗಢಕ್ಕೆ ನೇರ ರೈಲಿದೆ. ಅಲ್ಲಿಂದ ಕಾಲ್ಕಾ ಹತ್ತಿರ. ಕಾಲ್ಕಾದಿಂದ ಪುಟಾಣಿ ರೈಲು ಶಿಮ್ಲಾ ತಲುಪಲು ಐದು ಗಂಟೆಗೂ ಹೆಚ್ಚು ಬೇಕು. ಮಳೆಗಾಲದಲ್ಲಿ ಹೋಗದಿರುವುದು ಕ್ಷೇಮ. ಜಾಖೂ ಬೆಟ್ಟದ ಕೋತಿಗಳು ಕನ್ನಡಕ ಕಸಿಯುತ್ತವೆ, ಎಚ್ಚರವಿರಲಿ. ಚರ್ಚ್ ಇರಲಿ, ದೇವಾಲಯವಿರಲಿ, ನಮ್ಮ ಮಸೀದಿಗೆ ಬರುವ ಅತಿಥಿಯಿಂದ ನಾವು ಬಯಸುವ ಅದಬ್ಬನ್ನೇ ಅಲ್ಲಿಯೂ ಪಾಲಿಸೋಣ. ಮೆಲುದನಿಯಲ್ಲಿ ಮಾತಾಡೋಣ, ಅನುಮತಿ ಇಲ್ಲದೆ ಫೋಟೋ ತೆಗೆಯದಿರೋಣ.

ಹರಿಯುವ ನದಿಯ ದಡದಲ್ಲಿದ್ದರೂ ವುಝೂಗೆ ನೀರು ಪೋಲು ಮಾಡಬಾರದೆಂದು ಕಲಿತವರು ನಾವು. ಶಿಮ್ಲಾದ ಹೋಟೆಲಿನ ನಲ್ಲಿ ತಿರುಗಿಸುವಾಗ ಆ ಪಾಠ ನೆನಪಾದರೆ, ಆ ಬೆಟ್ಟದ ಭಾರವನ್ನು ನಾವು ಸ್ವಲ್ಪವಾದರೂ ಇಳಿಸಿದಂತಾಗುತ್ತದೆ.