‘ಓದು’ ಕಣ್ಣಿನ ಕೆಲಸವೊ, ಕಂಠದ ಕೆಲಸವೊ?

ಮದುವೆಯ ಮನೆಯಲ್ಲಿ ಹಿರಿಯರು, “ನಮ್ಮ ಹೆಸರಿನಲ್ಲಿ ನೂರೊಂದು ರೂಪಾಯಿ ಓದಿಸಿಬಿಡಿ” ಎನ್ನುವುದನ್ನು ವಾಚಕರು ಕೇಳಿರಬಹುದು. ಹಣ ಕೊಡುವುದಕ್ಕೂ ಓದಿಗೂ ಏನು ಸಂಬಂಧ? ಕೊಟ್ಟವರ ಹೆಸರನ್ನೂ ಉಡುಗೊರೆಯನ್ನೂ ಪುರೋಹಿತರು ಸಭೆಗೆಲ್ಲ ಕೇಳುವಂತೆ ಸಾರುತ್ತಿದ್ದರು. ಆ ಸಾರುವಿಕೆಯೇ ‘ಓದು’. ತೆಲುಗರು ಇದನ್ನೇ ‘ಚದಿವಿಂಪು’ ಎನ್ನುತ್ತಾರೆ. ಅವರ ‘ಚದುವು’ ನಮ್ಮ ‘ಓದು’.

ಇಂದು ಓದು ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಅಕ್ಷರದ ಮೇಲೆ ಮೌನವಾಗಿ ಹರಿಯುವ ಕಣ್ಣು. ಆದರೆ ಈ ಧಾತುವಿನ ಹಳೆಯ ಮನೆ ಕಂಠದಲ್ಲಿದೆ. ಬರೋ ಮತ್ತು ಎಮೆನೋ ವಿದ್ವಾಂಸರು 1961ರಲ್ಲಿ ಪ್ರಕಟಿಸಿದ ದ್ರಾವಿಡ ಪದವ್ಯುತ್ಪತ್ತಿ ಕೋಶದಲ್ಲಿ ಇದರ ಬಳಗವೇ ನೆರೆದಿದೆ. ತಮಿಳಿನ ‘ಓದು’ ಎಂದರೆ ವೇದವನ್ನೊ ಸ್ತೋತ್ರವನ್ನೊ ಧ್ವನಿಯೆತ್ತಿ ಪಠಿಸುವುದು. ಸುಮ್ಮನೆ ಪುಸ್ತಕ ಓದುವುದಕ್ಕೆ ಅವರಲ್ಲಿ ‘ಪಡಿ’ ಎಂಬ ಬೇರೆ ಮಾತಿದೆ. ಶಿವಾಲಯಗಳಲ್ಲಿ ತೇವಾರವನ್ನು ಹಾಡುವವರು ‘ಓದುವಾರ್’. ಮಲೆಯಾಳದಲ್ಲಿ ನಂಬೂದಿರಿಗಳ ವೇದಾಧ್ಯಯನ ‘ಓತ್ತು’; ಮಾಪಿಳ್ಳೆ ಮಕ್ಕಳು ಕುರಾನ್ ಪಠಣ ಕಲಿಯುತ್ತಿದ್ದ ಶಾಲೆ ‘ಓತ್ತುಪಳ್ಳಿ’. ಮತ ಎರಡು, ಗ್ರಂಥ ಎರಡು, ಕ್ರಿಯಾಪದ ಒಂದೇ! (ಉಪಾಧ್ಯಾಯನೆಂಬ ಅರ್ಥದ ‘ಓಜ’ನನ್ನು ಕೆಲವರು ಇದೇ ಬಳಗಕ್ಕೆ ಸೇರಿಸುವುದುಂಟು. ಅದು ಸಲ್ಲದು. ಓಜ ಶಬ್ದವು ಸಂಸ್ಕೃತದ ‘ಉಪಾಧ್ಯಾಯ’ವೇ ಪ್ರಾಕೃತದಲ್ಲಿ ಸವೆದು ಬಂದ ರೂಪ.)

ಕನ್ನಡವು ಪಠಣ, ವಾಚನ, ವ್ಯಾಸಂಗಗಳನ್ನೆಲ್ಲ ಇದೊಂದೇ ಮಾತಿನ ಮೇಲೆ ಹೊರಿಸಿತು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು, ಉದ್ದೇಶಪಟ್ಟು ಕಲಿಯದಿದ್ದರೂ ಕಾವ್ಯಪ್ರಯೋಗವನ್ನು ಬಲ್ಲವರು ಈ ನಾಡಿನ ಜನ ಎಂದು ಹೊಗಳುವಲ್ಲಿ ಬಳಸಿರುವುದೂ ಈ ಧಾತುವನ್ನೇ. “ಓದಿ ಓದಿ ಮರುಳಾದ ಕೂಚುಭಟ್ಟ”ನ ಗಾದೆಯನ್ನೂ ಈ ಬೆಳಕಿನಲ್ಲಿ ನೋಡಬೇಕು. ಆ ಬಡಪಾಯಿ ಕಾದಂಬರಿಗಳನ್ನು ಓದಿ ಕೆಟ್ಟವನಲ್ಲ. ಅರ್ಥಕ್ಕೆ ಗಮನ ಕೊಡದೆ ಗಟ್ಟಿಮಾಡಿ ಗಟ್ಟಿಮಾಡಿ ಕೆಟ್ಟವನಿರಬೇಕು ಎಂದು ನನ್ನ ಊಹೆ.

ಇತ್ತೀಚೆಗೆ ಆಮಂತ್ರಣ ಪತ್ರಿಕೆಗಳಲ್ಲಿ ‘ಪಠಿಸು’, ‘ಜಪಿಸು’, ‘ಪಾರಾಯಣ’ಗಳಿಗೇ ಮನ್ನಣೆ, ‘ಓದು’ ಎಂದರೆ ಮಂತ್ರದ ಮರ್ಯಾದೆಗೆ ಕಡಿಮೆ ಎಂಬ ಭಾವನೆ ಇರುವಂತಿದೆ. ಸಂಸ್ಕೃತಪದಗಳಿಗೆ ನನ್ನ ಆಕ್ಷೇಪವಿಲ್ಲ. ‘ಜಪ’ದಲ್ಲಿರುವ ಪಿಸುಮಾತಿನ ಛಾಯೆ ‘ಓದಿ’ಗೆ ಬಾರದು. ಆದರೆ ಅವು ನಮ್ಮವಾದದ್ದು ‘ಇಸು’ ಪ್ರತ್ಯಯದ ಉಪಕಾರದಿಂದ. ಅದರಲ್ಲಿಯೂ ಒಂದು ಸೊಗಸಿದೆ: ‘ಪಠಿಸು’ವವನು ತಾನೇ ಪಠಿಸುತ್ತಾನೆ, ‘ಓದಿಸು’ವವನು ಇನ್ನೊಬ್ಬನಿಂದ ಓದಿಸುತ್ತಾನೆ. ಸಂಸ್ಕೃತಧಾತುವಿಗೆ ಬರಿಯ ಕ್ರಿಯಾರೂಪ ಕೊಟ್ಟ ಪ್ರತ್ಯಯವೇ ಅಚ್ಚಗನ್ನಡ ಧಾತುವಿಗೆ ಪ್ರೇರಣಾರ್ಥವನ್ನು ಕೊಡುತ್ತದೆ.

ಆ ಪ್ರೇರಣಾರ್ಥದ ಹಿಂದೆ ಒಂದು ಜೀವನಕ್ರಮವೇ ಇತ್ತು. ಮಳೆ ಹಿಂದೆಗೆದ ವರ್ಷ ಹಳ್ಳಿಗಳಲ್ಲಿ ಭಾರತದ ವಿರಾಟಪರ್ವವನ್ನು ‘ಓದಿಸು’ತ್ತಿದ್ದರು. ಪ್ರತಿ ಒಂದು, ಬಾಯಿ ಒಂದು, ಕಿವಿ ನೂರು. ಅಕ್ಷರ ಬಾರದ ಅಜ್ಜಿಗೂ ಕೀಚಕನ ಕಥೆ ಕಂಠಸ್ಥವಾಗುತ್ತಿದ್ದುದು ಹೀಗೆ. ಈಗ ಮನೆಯಲ್ಲಿ ನಾಲ್ವರಿಗೂ ಓದು ಬರುತ್ತದೆ; ಒಬ್ಬರ ಓದು ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ಮಗು ಗಟ್ಟಿಯಾಗಿ ಪದ್ಯ ಹೇಳತೊಡಗಿದರೆ, “ಮನಸ್ಸಿನಲ್ಲೇ ಓದಿಕೊ” ಎಂದು ಪಕ್ಕದ ಕೋಣೆಯಿಂದ ಗದರಿಕೆ ಬರುತ್ತದೆ.